‘ಯುಟಿಲಿಟಿ ಇನ್‌ಫೀಲ್ಡರ್’: ಈ ಆಟಗಾರನನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಮಾನ್ಯರೇ,

ಅಮೆರಿಕದಲ್ಲಿ ನಾವಿರುವ ಊರಿನ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆಂದು ಬೇಸ್‌ಬಾಲ್ ಆಟವನ್ನು ಕುರಿತು ಒಂದು ಲೇಖನವನ್ನು ಬರೆಯುತ್ತಿದ್ದೇನೆ. ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಆಡುವುದನ್ನು ಬೇಲಿಯಾಚೆ ಕುಳಿತು ನೋಡುವ, ಕ್ರಿಕೆಟನ್ನು ಚೆನ್ನಾಗಿ ಬಲ್ಲ ಅಜ್ಜ ಅಜ್ಜಿಯರೇ ಈ ಲೇಖನದ ಮುಖ್ಯ ಓದುಗರು. ಪಿಚರ್, ಕ್ಯಾಚರ್, ಹೋಮ್ ರನ್ ಮುಂತಾದ ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಅವು ಮೈದಾನದಲ್ಲಿ ಕಣ್ಣಿಗೆ ಕಾಣುವುದನ್ನು ಹೆಸರಿಸುವ ಪದಗಳಾದ್ದರಿಂದ ಒಂದೆರಡು ಸಲ ನೋಡಿದರೆ ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. ‘ಯುಟಿಲಿಟಿ ಇನ್‌ಫೀಲ್ಡರ್’ ಎಂಬ ಪದ ಬಂದಾಗ ಮಾತ್ರ ಬರವಣಿಗೆ ನಿಂತುಹೋಯಿತು. ಅದು ಮೈದಾನದ ಒಂದು ಜಾಗವನ್ನಲ್ಲ, ತಂಡದೊಳಗೆ ಒಬ್ಬ ಮನುಷ್ಯನ ಬದುಕು ಎಂಥದು ಎಂಬುದನ್ನು ಹೆಸರಿಸುತ್ತದೆ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಬೇಸ್‌ಬಾಲ್ ಮೈದಾನದ ಒಳಭಾಗವು ಪ್ರತಿ ಬದಿಯೂ 90 ಅಡಿ ಉದ್ದವಿರುವ ಒಂದು ಚೌಕ. ಅದರ ಮೂಲೆಗಳೇ ಬೇಸ್‌ಗಳು; ಬ್ಯಾಟ್ ಮಾಡುವ, ಓಟಗಾರ ಸುತ್ತಿ ಬಂದು ಮುಟ್ಟಿದರೆ ರನ್ ಆಗುವ ನಾಲ್ಕನೆಯ ಮೂಲೆಯೇ ‘ಮನೆ’. ಈ ಒಳಭಾಗವನ್ನು ಕಾಯುವವರು ಮೊದಲನೆಯ, ಎರಡನೆಯ, ಮೂರನೆಯ ಬೇಸ್‌ಗಳ ಆಟಗಾರರು ಮತ್ತು ಎರಡನೆಯ ಹಾಗೂ ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್. ಹೊರಗಿನಿಂದ ನೋಡಿದರೆ ನಾಲ್ವರದೂ ಒಂದೇ ಕೆಲಸವೆನ್ನಿಸುತ್ತದೆ, ಆದರೆ ಮೈ ಬಯಸುವ ಅಭ್ಯಾಸ ನಾಲ್ಕೂ ಕಡೆ ಬೇರೆ ಬೇರೆ. ಮೂರನೆಯ ಬೇಸ್‌ನವನಿಗೆ ಚೆಂಡು ಬ್ಯಾಟಿನಿಂದ ಸಿಡಿದು ಬಂದಾಗ ಯೋಚಿಸಲು ಸಮಯವೇ ಇರುವುದಿಲ್ಲ. ಶಾರ್ಟ್‌ಸ್ಟಾಪ್ ಅಗಲವಾದ ಜಾಗದಲ್ಲಿ ಓಡಿ ಹಿಡಿದು ದೂರಕ್ಕೆ ಬಿರುಸಾಗಿ ಎಸೆಯಬೇಕು. ಎರಡನೆಯ ಬೇಸ್‌ನವನು ತನ್ನತ್ತ ನುಗ್ಗಿ ಬರುವ ಓಟಗಾರನನ್ನು ಕಣ್ಣೆತ್ತಿ ನೋಡದೆ ತಿರುಗಿ ಮೊದಲನೆಯ ಬೇಸ್‌ಗೆ ಎಸೆಯಬೇಕು. ಮೊದಲನೆಯ ಬೇಸ್‌ನವನ ಕೈಗವಸಿನ ಆಕಾರವೇ ಬೇರೆ. ಈ ನಾಲ್ಕರಲ್ಲಿ ಯಾವುದು ತೆರವಾದರೂ ಅಲ್ಲಿ ನಿಲ್ಲಬಲ್ಲವನೇ ಯುಟಿಲಿಟಿ ಇನ್‌ಫೀಲ್ಡರ್. ಅವನ ಅಗತ್ಯ ಹುಟ್ಟುವುದು ಲೆಕ್ಕದಿಂದ. ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನ ಇಂದಿನ ತಂಡದಲ್ಲಿ 26 ಮಂದಿಗೆ ಮಾತ್ರ ಅವಕಾಶ. ಅವರಲ್ಲಿ 13 ಮಂದಿ ಪಿಚರ್‌ಗಳಾದರೆ, ದಿನವೂ ಬ್ಯಾಟ್ ಮಾಡುವ 9 ಮಂದಿಯನ್ನು ಕಳೆದು ಬೆಂಚಿನ ಮೇಲೆ ಉಳಿಯುವವರು ನಾಲ್ವರು, ಅವರಲ್ಲೂ ಒಬ್ಬ ಎರಡನೆಯ ಕ್ಯಾಚರ್. ಒಮ್ಮೆ ಹೊರಗೆ ಬಂದ ಆಟಗಾರ ಅದೇ ಪಂದ್ಯದಲ್ಲಿ ಮತ್ತೆ ಒಳಗೆ ಹೋಗುವಂತಿಲ್ಲ. ಹೀಗಾಗಿ ಒಂದೊಂದು ಜಾಗಕ್ಕೆ ಒಬ್ಬೊಬ್ಬ ಬದಲಿ ಆಟಗಾರನನ್ನು ಇಟ್ಟುಕೊಳ್ಳುವ ಅನುಕೂಲ ಯಾವ ತಂಡಕ್ಕೂ ಇಲ್ಲ.

ನನ್ನ ಲೇಖನದ ನಡುವೆ ಇರುವವರು ವೆನೆಜುವೆಲಾದ ಲೂಯಿಸ್ ಸೋಹೊ. ಅವರು 1990ರಿಂದ 2003ರ ನಡುವೆ 13 ಋತುಗಳಲ್ಲಿ ಟೊರಾಂಟೊ, ಕ್ಯಾಲಿಫೋರ್ನಿಯಾ, ಸಿಯಾಟಲ್, ನ್ಯೂಯಾರ್ಕ್ ಮತ್ತು ಪಿಟ್ಸ್‌ಬರ್ಗ್ ತಂಡಗಳಿಗೆ ಆಡಿದರು. ಅಷ್ಟು ವರ್ಷಗಳಲ್ಲಿ ಹೊಡೆದ ಹೋಮ್ ರನ್‌ಗಳು 36, ಬ್ಯಾಟಿಂಗ್ ಸರಾಸರಿ .261. ಈ ಅಂಕಿಗಳನ್ನಷ್ಟೇ ನೋಡಿದವರಿಗೆ ಅವರನ್ನು ಕುರಿತು ಏಕೆ ಬರೆಯಬೇಕೆಂಬುದು ಹೊಳೆಯುವುದಿಲ್ಲ. 1995ರ ಅಕ್ಟೋಬರ್ 2ರಂದು ಸಿಯಾಟಲ್ ತಂಡವು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಋತುವಿನ ಕೊನೆಗೆ ನಡೆಯುವ ನಾಕೌಟ್ ಹಂತವನ್ನು ತಲುಪಲು ಒಂದೇ ಒಂದು ಪಂದ್ಯವನ್ನು ಗೆಲ್ಲಬೇಕಾಗಿದ್ದಾಗ, ಮೂರು ಬೇಸ್‌ಗಳಲ್ಲೂ ಓಟಗಾರರಿದ್ದ ಹೊತ್ತಿನಲ್ಲಿ ಸೋಹೊ ಹೊಡೆದ ಚೆಂಡು ಮೊದಲನೆಯ ಬೇಸ್‌ನ ಪಕ್ಕದ ಗೆರೆಯ ಗುಂಟ ಉರುಳಿಕೊಂಡು ಹೋಗಿ ಬೆಂಚಿನಡಿಗೆ ಸೇರಿತು. ಮೂವರೂ ಓಡಿ ಬಂದರು, ಎದುರಾಳಿಯ ಎಸೆತ ತಪ್ಪಿದ್ದರಿಂದ ಸೋಹೊ ಅವರೂ ಮನೆ ಮುಟ್ಟಿದರು. ಮರುವರ್ಷದ ಆಗಸ್ಟಿನಲ್ಲಿ ಅದೇ ಸಿಯಾಟಲ್ ಅವರನ್ನು ಕೈಬಿಟ್ಟಿತು, ನ್ಯೂಯಾರ್ಕ್ ಯಾಂಕೀಸ್ ಕರೆದುಕೊಂಡಿತು. ಈ ಬಗೆಯ ವೃತ್ತಿಜೀವನದಲ್ಲಿ ಕೈಬಿಡುವುದೂ ಕರೆದುಕೊಳ್ಳುವುದೂ ಹೀಗೆಯೇ, ಹೆಚ್ಚು ಮಾತಿಲ್ಲದೆ ನಡೆಯುತ್ತವೆ.

2000ದ ಋತುವನ್ನು ಅವರು ಪಿಟ್ಸ್‌ಬರ್ಗ್‌ನಲ್ಲಿ ಆರಂಭಿಸಿದರು. ಯಾಂಕೀಸ್‌ನ ಎರಡನೆಯ ಬೇಸ್‌ನ ಚಕ್ ನಾಬ್ಲಾಕ್ ಅವರ ಎಸೆತಗಳು ಗುರಿ ತಪ್ಪತೊಡಗಿದ್ದ ವರ್ಷ ಅದು. ಆಗಸ್ಟಿನಲ್ಲಿ ಯಾಂಕೀಸ್ ಸೋಹೊ ಅವರನ್ನು ಮರಳಿ ಕರೆಸಿಕೊಂಡಿತು. ಜೂನ್‌ನಲ್ಲಿಯೇ ಡೊಮಿನಿಕನ್ ಗಣರಾಜ್ಯದ ಹೋಸೆ ವಿಸ್‌ಕಯೀನೊ ಎಂಬ ಇನ್ನೊಬ್ಬ ಯುಟಿಲಿಟಿ ಇನ್‌ಫೀಲ್ಡರ್ ಬಂದು ಸೇರಿದ್ದರು. ಆ ವರ್ಷದ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ನ್ಯೂಯಾರ್ಕಿನ ಎರಡು ತಂಡಗಳೇ, ಯಾಂಕೀಸ್ ಮತ್ತು ಮೆಟ್ಸ್, ಎದುರುಬದುರಾದವು. ಮೊದಲ ಪಂದ್ಯ 12ನೆಯ ಇನಿಂಗ್ಸ್‌ವರೆಗೆ ಬೆಳೆದು, ಮಧ್ಯರಾತ್ರಿ ಕಳೆದ ಮೇಲೆ ವಿಸ್‌ಕಯೀನೊ ಹೊಡೆದ ಚೆಂಡಿನಿಂದ ಮುಗಿಯಿತು. ಅಕ್ಟೋಬರ್ 26ರ ಐದನೆಯ ಪಂದ್ಯದಲ್ಲಿ ಸೋಹೊ ಆರಂಭದಿಂದ ಇರಲಿಲ್ಲ, ನಡುವೆ ಒಳಗೆ ಬಂದವರು. ಒಂಬತ್ತನೆಯ ಇನಿಂಗ್ಸ್, ಇಬ್ಬರು ಔಟಾಗಿದ್ದಾರೆ, ಎರಡೂ ತಂಡಗಳದು ಎರಡೆರಡು ರನ್. ಮೆಟ್ಸ್‌ನ ಪಿಚರ್ ಅಲ್ ಲೈಟರ್ ಅವರ ಮೊದಲ ಎಸೆತವನ್ನೇ ಸೋಹೊ ಪಿಚರ್‌ನ ಪಕ್ಕದಿಂದ ನೆಲಕ್ಕಂಟಿದಂತೆ ಹೊಡೆದರು. ಬೇಸ್‌ನಲ್ಲಿದ್ದ ಹೋರ್ಹೆ ಪೊಸಾಡಾ ಮನೆ ಮುಟ್ಟಿದರು, ಎಸೆದ ಚೆಂಡು ಅವರಿಗೆ ತಾಗಿ ಸಿಡಿದು ಸ್ಕಾಟ್ ಬ್ರೋಶಸ್ ಕೂಡ ಬಂದರು. ಪಂದ್ಯ 4–2ಕ್ಕೆ ಮುಗಿದು ಯಾಂಕೀಸ್‌ಗೆ ಕಿರೀಟ ಬಂತು. ಸರಣಿಯ ಮೊದಲ ಗೆಲುವೂ ಕೊನೆಯ ಗೆಲುವೂ ಬೆಂಚಿನ ಮೇಲೆ ಕಾಯುವ ಬದುಕಿನವರ ಬ್ಯಾಟಿನಿಂದ ಬಂದದ್ದು ನನ್ನ ಮನಸ್ಸನ್ನು ಇಂದಿಗೂ ತಟ್ಟುತ್ತದೆ. ಇಂಥವರಿಗೆ ಕನ್ನಡದಲ್ಲಿ ಒಂದು ಹೆಸರು ಇರಲೇಬೇಕೆಂಬ ಹಂಬಲ ಹುಟ್ಟಿದ್ದು ಅಲ್ಲಿಂದಲೇ.

ಮೊದಲು ‘ಯುಟಿಲಿಟಿ’ಯನ್ನು ಹಾಗೆಯೇ ಉಳಿಸಿಕೊಳ್ಳುವ ದಾರಿಯನ್ನು ನೋಡಿದೆ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕಿರಿದಾದ ಜಾಗಕ್ಕೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿದೆ; ನನ್ನ ಓದುಗರಿಗೆ ಮೊದಲು ನೆನಪಾಗುವುದು ಅದೇ. ‘ಉಪಯುಕ್ತ ಆಟಗಾರ’ ಎಂಬ ನೇರ ಅನುವಾದವಂತೂ ದಾರಿ ತಪ್ಪಿಸುತ್ತದೆ. ಉಪಯುಕ್ತರಲ್ಲದ ಆಟಗಾರರು ಉಳಿದ 25 ಮಂದಿಯೇ ಎಂಬ ಪ್ರಶ್ನೆ ಏಳುವುದಲ್ಲದೆ, ನಮ್ಮ ಕ್ರಿಕೆಟ್ ವರದಿಗಳಲ್ಲಿ ‘ಉಪಯುಕ್ತ 30 ರನ್’ ಎನ್ನುವಾಗ ಆ ಪದವು ಒಂದು ದಿನದ ಕೊಡುಗೆಯನ್ನು ಹೇಳುತ್ತದೆಯೇ ಹೊರತು ಆಟಗಾರನ ನೆಲೆಯನ್ನಲ್ಲ. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇದೇ ಇಂಗ್ಲಿಷ್ ಪದಕ್ಕೆ ‘ತುಷ್ಟಿಗುಣ’ ಎಂಬ ಸೊಗಸಾದ ಪದವಿದೆ, ಆದರೆ ಅದು ವಸ್ತುವಿನಿಂದ ಅನುಭೋಗಿಗೆ ದೊರೆಯುವ ತೃಪ್ತಿಯನ್ನು ಹೇಳುವ ಪದ. ಇಂಗ್ಲಿಷಿನಲ್ಲಿ 19ನೆಯ ಶತಮಾನದ ನಾಟಕ ಕಂಪನಿಗಳಲ್ಲಿ, ಬೇಕಾದ ಸಣ್ಣಪುಟ್ಟ ಪಾತ್ರಗಳನ್ನೆಲ್ಲ ಹೇಳಿದಂತೆ ವಹಿಸುವ ನಟನ ಕೆಲಸಕ್ಕೂ ‘ಯುಟಿಲಿಟಿ’ ಎನ್ನುತ್ತಿದ್ದರು. ಈ ಬಳಕೆ ನನಗೆ ದಾರಿ ತೋರಿಸಿತು. ಅಲ್ಲಿ ಮುಖ್ಯವಾದದ್ದು ಉಪಯೋಗವಲ್ಲ, ಕರೆದಾಗ ಸಿದ್ಧನಾಗಿ ನಿಲ್ಲುವುದು.

‘ಆಲ್‌ರೌಂಡರ್’ ಎಂದುಬಿಡಿ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಕ್ರಿಕೆಟ್ ಬಲ್ಲ ಓದುಗರಿಗೆ ಅದು ಬ್ಯಾಟಿಂಗ್ ಮತ್ತು ಬೌಲಿಂಗ್ ಎಂಬ ಎರಡು ವಿದ್ಯೆಗಳನ್ನು ಬಲ್ಲವನ ಹೆಸರು, ಹೆಚ್ಚಾಗಿ ತಂಡದ ತಾರೆಯ ಹೆಸರು. ಯುಟಿಲಿಟಿ ಇನ್‌ಫೀಲ್ಡರ್ ಬಲ್ಲದ್ದು ಕ್ಷೇತ್ರರಕ್ಷಣೆಯೆಂಬ ಒಂದೇ ವಿದ್ಯೆ, ಅದರ ನಾಲ್ಕು ನೆಲೆಗಳಲ್ಲಿ. 2003ರ ವಿಶ್ವಕಪ್‌ನಲ್ಲಿ ತಂಡದ ಸಮತೋಲಕ್ಕಾಗಿ ರಾಹುಲ್ ದ್ರಾವಿಡ್ ವಿಕೆಟ್ ಕೀಪರ್‌ನ ಕೈಗವಸು ತೊಟ್ಟದ್ದು ಈ ಪರಿಕಲ್ಪನೆಗೆ ಹತ್ತಿರದ ಉದಾಹರಣೆ. ಲೇಖನದಲ್ಲಿ ಅದನ್ನು ಬಳಸಿಕೊಳ್ಳುತ್ತೇನೆ. ಆದರೆ ದ್ರಾವಿಡ್ ಕೀಪರ್ ಆಗದಿದ್ದರೂ ತಂಡದಲ್ಲಿರುತ್ತಿದ್ದರು. ಸೋಹೊ ಅವರು ತಂಡದಲ್ಲಿದ್ದದ್ದೇ ಆ ಗುಣಕ್ಕಾಗಿ.

‘ಸವ್ಯಸಾಚಿ’ ಎಂಬುದನ್ನು ಬಿಟ್ಟುಕೊಡಲು ಮಾತ್ರ ಮನಸ್ಸಿಗೆ ಕಷ್ಟವಾಯಿತು. ಯಕ್ಷಗಾನದಲ್ಲಿ ಪುಂಡುವೇಷಕ್ಕೂ ಸ್ತ್ರೀವೇಷಕ್ಕೂ ಒಪ್ಪುವ ಕಲಾವಿದರನ್ನು ಹಾಗೆಂದು ಮೆಚ್ಚಿ ಕರೆಯುವುದು ನಮಗೆಲ್ಲ ರೂಢಿ. ಆದರೆ ಅರ್ಜುನನಿಗೆ ಆ ಹೆಸರು ಬಂದದ್ದು ಎಡಗೈಯಿಂದಲೂ ಬಾಣ ಬಿಡಬಲ್ಲವನೆಂದು. ಬೇಸ್‌ಬಾಲ್‌ನಲ್ಲಿಯಾದರೋ ಎಡಕ್ಕೂ ಬಲಕ್ಕೂ ನಿಂತು ಬ್ಯಾಟ್ ಬೀಸುವವರ ಒಂದು ವರ್ಗವೇ ಇದೆ. ವಿಸ್‌ಕಯೀನೊ ಅವರಲ್ಲೊಬ್ಬರು, ಸೋಹೊ ಬಲಗೈಯವರು ಮಾತ್ರ. 2015ರಲ್ಲಿ ಮೇಜರ್ ಲೀಗ್ ಪ್ರವೇಶಿಸಿದ ಪ್ಯಾಟ್ ವೆಂಡಿಟಿ ಎಂಬ ಪಿಚರ್ ಎರಡೂ ಕೈಗಳಿಂದ ಎಸೆಯುತ್ತಿದ್ದರು. ಸವ್ಯಸಾಚಿ ಎಂಬುದು ಇವರಿಗೆ ಅಕ್ಷರಶಃ ಸಲ್ಲುವ ಹೆಸರಾದ್ದರಿಂದ ಇವರಿಗೇ ಕಾದಿರಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

‘ಬದಲಿ ಆಟಗಾರ’, ‘ಮೀಸಲು ಆಟಗಾರ’ ಎಂಬವು ಬೆಂಚಿನ ಮೇಲಿರುವ ಎಲ್ಲರಿಗೂ ಸಲ್ಲುತ್ತವೆ. ‘ಆಪದ್ಬಾಂಧವ’ ಒಂದು ದಿನದ ಬಿರುದು. ನಮ್ಮ ಸಾರಿಗೆ ಸಂಸ್ಥೆಯ ‘ಚಾಲಕ ಕಂ ನಿರ್ವಾಹಕ’ ಹುದ್ದೆಯಂತೆ ಕೆಲಸಗಳನ್ನೆಲ್ಲ ಜೋಡಿಸಿ ಹೇಳೋಣವೆಂದರೆ ನಾಲ್ಕು ಹೆಸರುಗಳ ಸರಪಳಿಯಾಗುತ್ತದೆ. ಸೋಹೊ ಅವರ ತಾಯ್ನುಡಿಯಾದ ಸ್ಪ್ಯಾನಿಷ್‌ನಲ್ಲಿ ಇಂಥ ಆಟಗಾರನಿಗೆ ‘ಕೊಮೊದೀನ್’ ಎಂಬ ಹೆಸರೂ ಉಂಟು: ಇಸ್ಪೀಟಿನಲ್ಲಿ ಯಾವ ಎಲೆಯ ಬದಲಿಗೂ ಸಲ್ಲುವ ಎಲೆ. ರಮ್ಮಿ ಆಡುವ ನಮ್ಮವರಿಗೆ ಕಲ್ಪನೆ ತಟ್ಟನೆ ಹೊಳೆಯುತ್ತದೆಯಾದರೂ ‘ಜೋಕರ್’ ಎಂಬುದು ಕನ್ನಡದಲ್ಲಿ ವಿದೂಷಕನ ಅರ್ಥವನ್ನು ಹೊತ್ತಿರುವುದರಿಂದ ಒಬ್ಬ ಗೌರವಾನ್ವಿತ ಆಟಗಾರನಿಗೆ ಅದನ್ನು ಹೇಳಲಾಗದು.

ಕೊನೆಗೆ ನಾನು ಬಂದು ನಿಂತದ್ದು ‘ಒದಗು’ ಎಂಬ ಕ್ರಿಯಾಪದದ ಬಳಿ. ‘ಹೊತ್ತಿಗೆ ಸರಿಯಾಗಿ ಒದಗಿದ’, ‘ಕಷ್ಟಕ್ಕೆ ಒದಗುವವನು’ ಎನ್ನುವಾಗ ಅದರಲ್ಲಿ ಬೇಕಾದ ಗಳಿಗೆಗೆ ಕೈಗೆ ಸಿಗುವುದು ಎಂಬ ಅರ್ಥವಿದೆ, ಸಿಗುವ ತನಕ ಕಾದಿರುವ ಸೂಚನೆಯೂ ಇದೆ. ಅದರಿಂದ ‘ಒದಗಾಳು’ ಎಂದು ಕಟ್ಟಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಸುಡುವ ಕಾಡು ಸುಡುಗಾಡಾದಂತೆ, ತೂಗುವ ಮಂಚ ತೂಗುಮಂಚವಾದಂತೆ, ಒದಗುವ ಆಳು ಒದಗಾಳು. ಉಕಾರ ಲೋಪವಾಗಿ ಸಂಧಿಯೂ ಸಹಜವಾಗಿಯೇ ಆಗುತ್ತದೆ. ಇದರ ಇನ್ನೊಂದು ಅನುಕೂಲವೆಂದರೆ ಕ್ರಿಯಾಪದವೂ ಜೊತೆಯಲ್ಲೇ ದೊರೆಯುತ್ತದೆ: ‘ಸೋಹೊ ಆ ವರ್ಷ ಮೂರನೆಯ ಬೇಸ್‌ಗೂ ಒದಗಿದರು’ ಎಂದು ಬರೆದರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ. ‘ಆಳು’ ಎಂಬುದು ಕೂಲಿಯಾಳಿನ ನೆನಪು ತಂದು ಕೀಳೆನ್ನಿಸೀತೆಂಬ ಅಳುಕು ನನಗೂ ಇದೆ. ಆದರೆ ಕಾಲಾಳು, ಕುದುರೆಯಾಳು ಎನ್ನುವಾಗ ಅದು ಯೋಧನ ಹೆಸರು. ಹೆಣ್ಣಾಳು, ಗಂಡಾಳು ಎರಡೂ ಬಳಕೆಯಲ್ಲಿರುವುದರಿಂದ ಮೈದಾನಕ್ಕಿಳಿಯುವ ಹುಡುಗಿಯರಿಗೂ ಸಲ್ಲುತ್ತದೆ.

‘ಇನ್‌ಫೀಲ್ಡರ್’ ಇನ್ನೊಂದು ತೊಡಕು. ‘ಒಳಾಂಗಣ’ ಎಂದರೆ ಸೂರಿನ ಕೆಳಗೆ ಆಡುವ ಆಟಗಳ ಕ್ರೀಡಾಂಗಣವೆಂಬ ಅರ್ಥ ನೆಲೆಯೂರಿರುವುದರಿಂದ ‘ಒಳಾಂಗಣ ಆಟಗಾರ’ ಎಂದರೆ ಷಟಲ್ ಆಡುವವನೆಂದೇ ಓದುಗರು ತಿಳಿಯುತ್ತಾರೆ. ‘ಒಳಗಾವಲು’ ಎಂದು ಬಳಸಿ, ಇಡೀ ಪದವನ್ನು ‘ಒಳಗಾವಲಿನ ಒದಗಾಳು’ ಎನ್ನುವುದು ನನ್ನ ಸದ್ಯದ ಕರಡು. ಹೊರಭಾಗದ ಆಟಗಾರರಿಗೆ ‘ಹೊರಗಾವಲು’ ತಾನಾಗಿಯೇ ಒದಗುತ್ತದೆ.

ಎರಡನೆಯ ಪ್ರಶ್ನೆ ಬೆನ್ ಜೋಬ್ರಿಸ್ಟ್ ಅವರಂಥವರನ್ನು ಕುರಿತದ್ದು. ಟ್ಯಾಂಪಾ ಬೇ ತಂಡದಲ್ಲಿ ಅವರು ಹೆಚ್ಚುಕಡಿಮೆ ದಿನವೂ ಆಡುತ್ತಿದ್ದರು, ಆದರೆ ಇಂದು ಎರಡನೆಯ ಬೇಸ್, ನಾಳೆ ಬಲಬದಿಯ ಹೊರಗಾವಲು. 2016ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದ 10ನೆಯ ಇನಿಂಗ್ಸ್‌ನಲ್ಲಿ ಶಿಕಾಗೊ ಕಬ್ಸ್‌ಗೆ ಮುನ್ನಡೆ ತಂದುಕೊಟ್ಟು ಸರಣಿಯ ಶ್ರೇಷ್ಠ ಆಟಗಾರರೆನಿಸಿಕೊಂಡರು. 2022ರಿಂದ ಶ್ರೇಷ್ಠ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯಲ್ಲಿಯೂ ಯುಟಿಲಿಟಿ ಎಂಬ ಪ್ರತ್ಯೇಕ ವಿಭಾಗವಿದ್ದು, ಮೊದಲ ವರ್ಷ ಡಿ. ಜೆ. ಲೆಮೇಹ್ಯೂ ಮತ್ತು ಬ್ರೆಂಡನ್ ಡಾನವನ್ ಅದನ್ನು ಪಡೆದರು. ಇಂಗ್ಲಿಷ್ ಪದವು ಈ ಪ್ರಶಸ್ತಿ ವಿಜೇತರನ್ನೂ ಬೆಂಚಿನ ಮೇಲೆ ಕಾದು ಕುಳಿತ ಸೋಹೊ ಅವರನ್ನೂ ಒಂದೇ ಹೆಸರಿನಡಿಯಲ್ಲಿ ತರುತ್ತದೆ. ಕನ್ನಡದಲ್ಲಿಯೂ ಹಾಗೆಯೇ ಬಿಡೋಣವೇ, ಅಥವಾ ದಿನವೂ ನೆಲೆ ಬದಲಿಸಿ ಆಡುವವರಿಗೆ ‘ಹಲನೆಲೆಯ ಆಟಗಾರ’ ಎಂದು ಬೇರೆ ಹೆಸರಿಡೋಣವೇ? ಬೇರೆ ಮಾಡಬೇಕೆಂಬ ಕಡೆಗೆ ನನ್ನ ಒಲವಿದೆ, ಏಕೆಂದರೆ ಜೋಬ್ರಿಸ್ಟ್ ಅವರದು ಪ್ರತಿದಿನದ ದುಡಿಮೆ, ಸೋಹೊ ಅವರದು ಕರೆ ಬಂದ ದಿನದ ದುಡಿಮೆ.

ಒದಗುವವನು ಎಂಬ ಅರ್ಥದ ನಾಮಪದವೊಂದು ನಿಮ್ಮ ಸೀಮೆಯ ಆಡುನುಡಿಯಲ್ಲಿ, ಕಣದಲ್ಲಿ, ನಾಟಕದ ತಂಡದಲ್ಲಿ ಅಥವಾ ಭಜನೆಯ ಮೇಳದಲ್ಲಿ ಈಗಾಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಹಾಗೆ ಸಿಕ್ಕ ಪದವನ್ನು ಮುಂದಿಟ್ಟುಕೊಂಡು ನಾನು ಕಟ್ಟಿದ ಪದವನ್ನು ಸಂತೋಷದಿಂದ ಕೈಬಿಡುತ್ತೇನೆ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರಗಳಿವೆ.

ವಂದನೆಗಳೊಂದಿಗೆ.