ಎಪಿಐನಿಂದ ತುಂಬುವ ಡ್ರಾಪ್‌ಡೌನ್‌ನಲ್ಲಿ ಉಳಿಸಿದ ಮೌಲ್ಯ ಕಾಣಿಸುತ್ತಿಲ್ಲ

ಪ್ರಶ್ನೆ: ಫಾರ್ಮ್‌ನಲ್ಲಿ ವರ್ಗವನ್ನು ಆರಿಸಿದಾಗ ಅದರ ಉಪವರ್ಗಗಳನ್ನು ಫೆಚ್ (ಸರ್ವರ್‌ಗೆ ಕೋರಿಕೆ ಕಳುಹಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಮೂಲಕ ಎಪಿಐನಿಂದ, ಅಂದರೆ ಸರ್ವರ್ ಮಾಹಿತಿ ಒದಗಿಸುವ ವ್ಯವಸ್ಥೆಯಿಂದ, ತರಿಸಿ ಎರಡನೆಯ ಡ್ರಾಪ್‌ಡೌನ್‌ಗೆ ತುಂಬುತ್ತಿದ್ದೇನೆ. ಹಳೆಯ ದಾಖಲೆಯನ್ನು ತಿದ್ದಲು ತೆರೆದಾಗ ಮಾತ್ರ ಉಪವರ್ಗದಲ್ಲಿ ಉಳಿಸಿದ ಮೌಲ್ಯ ಕಾಣಿಸುವುದಿಲ್ಲ. ಕಾರಣವೇನಿರಬಹುದು?

ಉತ್ತರ: ಆಯ್ಕೆಗಳು ಬಂದು ಸೇರುವ ಮೊದಲೇ ನೀವು ಸೆಲೆಕ್ಟ್‌ಗೆ (ಡ್ರಾಪ್‌ಡೌನ್‌ಗೆ) ಮೌಲ್ಯವನ್ನು ಕೊಡುತ್ತಿರಬೇಕು. ಆ ಮೌಲ್ಯಕ್ಕೆ ಹೊಂದುವ ಆಪ್ಷನ್ (ಪಟ್ಟಿಯಲ್ಲಿನ ಆಯ್ಕೆ) ಇಲ್ಲದಿದ್ದರೆ ಬ್ರೌಸರ್ ಯಾವ ದೋಷವನ್ನೂ ತೋರಿಸದೆ ಸುಮ್ಮನಿರುತ್ತದೆ, ಹೀಗಾಗಿ ತಪ್ಪು ಎಲ್ಲಿದೆ ಎಂಬುದು ಬೇಗ ಗೊತ್ತಾಗುವುದಿಲ್ಲ. ಉತ್ತರ ಬರುವವರೆಗೆ ಮುಂದಿನ ಸಾಲನ್ನು ತಡೆಯುವ ಅವೇಟ್ ಬಳಸಿ ಕಾದು, ಆಪ್ಷನ್‌ಗಳನ್ನೆಲ್ಲ ಸೇರಿಸಿದ ನಂತರವೇ ಮೌಲ್ಯವನ್ನು ಕೊಡಿ.

ಮತ್ತೊಂದು ಉತ್ತರ: ಬಳಕೆದಾರರು ವರ್ಗವನ್ನು ಬೇಗಬೇಗನೆ ಬದಲಿಸಿದರೆ, ಹಿಂದಿನ ಕೋರಿಕೆಯ ಉತ್ತರ ತಡವಾಗಿ ಬಂದು ಹೊಸ ಪಟ್ಟಿಯ ಜಾಗದಲ್ಲಿ ಕುಳಿತುಬಿಡುವ ಅಪಾಯವೂ ಇದೆ; ಕೋರಿಕೆಯನ್ನು ನಡುವೆಯೇ ನಿಲ್ಲಿಸಲು ಬ್ರೌಸರ್‌ನಲ್ಲಿರುವ ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ಕೋರಿಕೆಯನ್ನು ರದ್ದುಪಡಿಸುವುದು ಒಳ್ಳೆಯದು. ಸರ್ವರ್ 404 (ಸಿಗಲಿಲ್ಲ) ಅಥವಾ 500 (ಸರ್ವರ್ ದೋಷ) ಎಂಬ ಸ್ಥಿತಿ ಸಂಕೇತ ಕಳುಹಿಸಿದರೂ ಫೆಚ್ ಅದನ್ನು ವೈಫಲ್ಯವೆಂದು ಎಣಿಸುವುದಿಲ್ಲ, ಸ್ಥಿತಿಯನ್ನು ನೀವೇ ಪರಿಶೀಲಿಸಬೇಕು.

ಪ್ರಶ್ನೆ ಕೇಳಿದವರು: ಕ್ರಮವನ್ನು ಬದಲಿಸಿದೊಡನೆ ಸರಿಯಾಯಿತು, ಇಬ್ಬರಿಗೂ ಧನ್ಯವಾದಗಳು. ರದ್ದತಿಯನ್ನೂ ಸೇರಿಸುತ್ತೇನೆ.