ಗಡಿಗೋಡೆಗೆ ಹೊರಗಿನಿಂದ ಇನ್ಸುಲೇಷನ್: ಪಕ್ಕದ ಮನೆಯವರ ಒಪ್ಪಿಗೆ ಪಡೆಯುವ ಬಗೆ ಯಾವುದು?

ಪ್ರಶ್ನೆ
ನಮ್ಮ ಮನೆಯ ಒಂದು ಗೋಡೆ ಗಡಿರೇಖೆಯ ಮೇಲೆಯೇ ನಿಂತಿದ್ದು, ಅದರಾಚೆಗೆ ಪಕ್ಕದ ಮನೆಯವರ ಅಂಗಳವಿದೆ. ಬೇಸಿಗೆಯಲ್ಲಿ ಕಾದು ಚಳಿಗಾಲದಲ್ಲಿ ಕೊರೆಯುವ ಆ ಗೋಡೆಯ ಹೊರಮೈಗೆ 10 ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಹಲಗೆಗಳನ್ನು ಅಂಟಿಸಿ, ಜಾಲರಿ ಹಾಕಿ ಗಾರೆ ಮಾಡಿಸಬೇಕೆಂದಿದ್ದೇವೆ. ಸಾರುವೆ ಕಟ್ಟಲು ಅವರ ಅಂಗಳವನ್ನು ಬಿಟ್ಟರೆ ಬೇರೆ ಜಾಗವಿಲ್ಲ. ಅವರು ಬೇಡವೆಂದಿಲ್ಲ, "ನೋಡೋಣ" ಎಂದಷ್ಟೇ ಹೇಳಿ ಸುಮ್ಮನಾಗಿದ್ದಾರೆ. ಸಂಬಂಧವೂ ಕೆಡದಂತೆ, ಮುಂದೆ ತಕರಾರಿಗೂ ಎಡೆಯಾಗದಂತೆ ಇದನ್ನು ಹೇಗೆ ಮುಂದುವರಿಸಬೇಕು?

ಮೊದಲ ಉತ್ತರ
ನಿಮಗೆ ಬೇಕಾಗಿರುವುದು ಎರಡು ಬೇರೆ ಬೇರೆ ಒಪ್ಪಿಗೆಗಳು. ಸಾರುವೆಗೆ ಕೆಲವು ದಿನ ಜಾಗ ಬಿಟ್ಟುಕೊಡುವುದು ತಾತ್ಕಾಲಿಕ. ಆದರೆ ಗೋಡೆ ಗಡಿಯ ಮೇಲೆಯೇ ಇರುವುದರಿಂದ, ಹಲಗೆ ಮತ್ತು ಗಾರೆಯ ಒಟ್ಟು ದಪ್ಪ ಅವರ ಜಾಗದೊಳಕ್ಕೆ ಶಾಶ್ವತವಾಗಿ ಚಾಚಿಕೊಳ್ಳುತ್ತದೆ. ಅವರು ಹಿಂಜರಿಯುತ್ತಿರುವುದು ಈ ಎರಡನೆಯದಕ್ಕೇ ಇರಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1992ರ ಕಾಯ್ದೆಯ ಪ್ರಕಾರ, ಕಟ್ಟಡವನ್ನು ಕಾಪಾಡಿಕೊಳ್ಳಲು ಅಗತ್ಯವಾದ ಕೆಲಸಕ್ಕಾಗಿ ನೆರೆಯವರ ಜಾಗವನ್ನು ಪ್ರವೇಶಿಸಲು ನ್ಯಾಯಾಲಯ ಅನುಮತಿ ನೀಡಬಹುದು, ಆದರೆ ಗಡಿ ದಾಟಿ ಚಾಚುವ ಹಕ್ಕನ್ನು ಅದು ಕೊಡುವುದಿಲ್ಲ. ಫ್ರಾನ್ಸ್‌ನ 2021ರ ಕಾನೂನು ಹೊರಗಿನ ಇನ್ಸುಲೇಷನ್ನಿಗೆ ಕೆಲವು ಷರತ್ತುಗಳೊಡನೆ, 2 ಮೀಟರ್ ಎತ್ತರದಿಂದ ಮೇಲಕ್ಕೆ, ಹೆಚ್ಚೆಂದರೆ 35 ಸೆಂಟಿಮೀಟರ್ ಚಾಚಲು ಅವಕಾಶ ನೀಡಿ, ನೆರೆಯವರಿಗೆ ಮುಂಚಿತವಾಗಿಯೇ ಪರಿಹಾರ ಸಲ್ಲಬೇಕೆಂದು ವಿಧಿಸಿದೆ. ನಿಯಮ ದೇಶದಿಂದ ದೇಶಕ್ಕೆ ಇಷ್ಟು ಬೇರೆಯಾಗುವುದರಿಂದ, ಚಾಚುವಿಕೆಯ ಒಪ್ಪಂದವನ್ನು ನಿಮ್ಮಲ್ಲಿನ ವಕೀಲರ ಮೂಲಕವೇ ಬರೆಸಿ. ಮನೆ ಕೈಬದಲಾದಾಗ ಬಾಯಿಮಾತು ಉಳಿಯುವುದಿಲ್ಲ.

ಎರಡನೆಯ ಉತ್ತರ
ನಾನು ಇಂಥದೇ ಕೆಲಸಕ್ಕೆ ನಮ್ಮ ಅಂಗಳವನ್ನು ಬಿಟ್ಟುಕೊಟ್ಟವಳು, ಆದ್ದರಿಂದ ಆಚೆ ಕಡೆಯ ಮಾತನ್ನು ಹೇಳುತ್ತೇನೆ. ನನಗಿದ್ದ ಚಿಂತೆ ಜಾಗದ್ದಲ್ಲ. ರಾತ್ರಿ ಸಾರುವೆ ಹತ್ತಿ ಯಾರಾದರೂ ನಮ್ಮ ಕಿಟಕಿಯವರೆಗೆ ಬಂದರೆ ಏನು ಗತಿ, ಕೆಲಸಗಾರರೊಬ್ಬರು ನಮ್ಮ ಅಂಗಳದಲ್ಲಿ ಬಿದ್ದು ಗಾಯಗೊಂಡರೆ ಹೊಣೆ ಯಾರದು ಎಂಬುದು ನನ್ನನ್ನು ಕಾಡುತ್ತಿತ್ತು. ಪಕ್ಕದವರು ಗುತ್ತಿಗೆದಾರರ ವಿಮೆಯ ಪ್ರತಿಯನ್ನು ತಾವಾಗಿಯೇ ತಂದು ತೋರಿಸಿ, ಕೆಳಗಿನ ಏಣಿಯನ್ನು ಪ್ರತಿ ಸಂಜೆ ತೆಗೆದಿಡುವುದಾಗಿ ಬರೆದುಕೊಟ್ಟ ಮೇಲೆ ಒಪ್ಪಿದೆ. ಥರ್ಮಾಕೋಲ್ ಹಲಗೆಯನ್ನು ಉಜ್ಜಿ ಸಮ ಮಾಡುವಾಗ ಹಾರುವ ಬಿಳಿ ಕಾಳುಗಳು ಮಣ್ಣಿನಲ್ಲಿ ಸೇರಿದರೆ ಆರಿಸಿ ತೆಗೆಯುವುದು ಬಹಳ ಕಷ್ಟ, ಆದ್ದರಿಂದ ಸಾರುವೆಗೆ ಬಲೆ ಕಟ್ಟಿಸುವುದನ್ನು ಮತ್ತು ಧೂಳು ಎಳೆಯುವ ಯಂತ್ರ ಬಳಸುವುದನ್ನು ಷರತ್ತಾಗಿ ಸೇರಿಸಿ. ಕೆಲಸಕ್ಕೆ ಮೊದಲು ಅಂಗಳದ ನೆಲ, ಗಿಡಗಳು, ಕಾಂಪೌಂಡು ಎಲ್ಲದರ ಛಾಯಾಚಿತ್ರಗಳನ್ನು ಇಬ್ಬರೂ ಸೇರಿ ತೆಗೆದಿಟ್ಟುಕೊಳ್ಳುವುದು ಎರಡೂ ಮನೆಗಳಿಗೆ ಒಳ್ಳೆಯದು.

ಮೂರನೆಯ ಉತ್ತರ
ಗಾರೆ ಕೆಲಸಕ್ಕೆ ಸಾಮಾನ್ಯವಾಗಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪಮಾನ ಬೇಕು, ಹಸಿ ಗಾರೆಯ ಮೇಲೆ ಮಳೆಯೂ ಬೀಳಬಾರದು. ಹವಾಮಾನದಿಂದ ಕೆಲಸ ನಿಂತರೆ ಎಷ್ಟು ದಿನ ಹೆಚ್ಚು ಬೇಕಾದೀತೆಂದು ಒಪ್ಪಂದದಲ್ಲಿಯೇ ಕಾಣಿಸಿ. ಅವರು ಒಪ್ಪದಿದ್ದರೆ ಒಳಮೈಗೆ ಇನ್ಸುಲೇಷನ್ ಮಾಡಿಸಬಹುದು. ಆದರೆ ಕೋಣೆ ಕಿರಿದಾಗುತ್ತದೆ, ತಣ್ಣಗಾದ ಹಳೆಯ ಗೋಡೆಗೆ ಒಳಗಿನ ಆವಿ ತಗುಲಿ ತೇವ ಕಟ್ಟುವ ಅಪಾಯವಿರುವುದರಿಂದ ಆವಿ ತಡೆಯುವ ಪದರವನ್ನು ಬಲ್ಲವರಿಂದಲೇ ಹಾಕಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಗೋಡೆಯ ದಪ್ಪ ಅವರ ಜಾಗಕ್ಕೆ ಬರುತ್ತದೆ ಎಂಬುದನ್ನು ನಾವು ಅವರಿಗೆ ಸ್ಪಷ್ಟವಾಗಿ ಹೇಳಿಯೇ ಇರಲಿಲ್ಲ. ಮೊದಲು ಗಡಿಯನ್ನು ಅಳತೆ ಮಾಡಿಸಿ, ನಕ್ಷೆಯೊಂದಿಗೆ ಎರಡೂ ವಿಷಯಗಳನ್ನು ಅವರ ಮುಂದಿಡುತ್ತೇವೆ. ಅಲ್ಲಿಯವರೆಗೆ ಗುತ್ತಿಗೆದಾರರಿಗೆ ದಿನಾಂಕ ಕೊಡುವುದಿಲ್ಲ.