ಪದಚರ್ಚೆ: 'ಹತ್ತುಮೀನು' – ಬೋರ್ಡಿಗೆ ಹೇಗೆ ಬರೆಯುವುದು? (ಅರ್ಜೆಂಟು)

ನಮ್ಮದು ಹೊಸನಗರದ ಕಡೆ. ಊರಿನ ಹಳ್ಳದ ಸಂಕದ ಹತ್ತಿರ ಒಂದು ಬೋರ್ಡು ಹಾಕಿಸುತ್ತಿದ್ದೇವೆ. ಮುಂಗಾರಿನ ಮೊದಲ ನೀರಿಗೆ ಹೊಳೆಯಿಂದ ಗದ್ದೆ ಕಡೆ ಮೊಟ್ಟೆ ಇಡಲು ಹತ್ತಿ ಬರುವ ಮೀನನ್ನು ಹಿಡಿಯಬೇಡಿ ಅಂತ. 'ಹತ್ತು ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ' ಎಂದು ಬರೆದುಕೊಂಡಿದ್ದೆ. ದಾವಣಗೆರೆಯ ನೆಂಟರೊಬ್ಬರು ಓದಿ, ಹಂಗಾದ್ರೆ ಒಂಬತ್ತು ಹಿಡಿದ್ರೆ ಪರವಾಗಿಲ್ವಾ ಅಂದರು. ಪೇಂಟರ್ ನಾಳೆ ಬರುತ್ತಾನೆ. 'ಏರುಮೀನು' ಅಂದರೆ ನಡೆಯುತ್ತದಾ?

* * *

> 'ಏರುಮೀನು' ಅಂದರೆ ನಡೆಯುತ್ತದಾ?

ಬೇಡ. 'ಸಂತಾನೋತ್ಪತ್ತಿಗಾಗಿ ವಲಸೆ ಬರುವ ಮತ್ಸ್ಯಗಳು' ಎಂದು ಬರೆಯಿರಿ. ಯಾವ ಗೊಂದಲವೂ ಇರುವುದಿಲ್ಲ.

* * *

> 'ಸಂತಾನೋತ್ಪತ್ತಿಗಾಗಿ ವಲಸೆ ಬರುವ ಮತ್ಸ್ಯಗಳು'

ಇದನ್ನು ಓದಿ ಮುಗಿಸುವಷ್ಟರಲ್ಲಿ ಮೀನು ಕೂಣಿಯಲ್ಲಿ (ಮೀನು ಹಿಡಿಯುವ ಬೋನು) ಇರುತ್ತದೆ ಸ್ವಾಮಿ.

ಏರುಮೀನೂ ಬೇಡ, ಮಲೆನಾಡಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನಿಮ್ಮ ತೊಂದರೆ ಇರುವುದು ಪದದಲ್ಲಲ್ಲ, ನಡುವೆ ಬಿಟ್ಟ ಜಾಗದಲ್ಲಿ. ಹತ್ತುಮೀನು ಗಮಕ ಸಮಾಸ. ಸುಡುಗಾಡು, ಹುರಿಗಡಲೆ, ಸಿಡಿಮದ್ದು ಇದ್ದ ಹಾಗೆ. ಸುಡು ಗಾಡು ಅಂತ ಬಿಡಿಸಿ ಬರೀತೀರಾ? ಕೂಡಿಸಿ ಬರೆಯಿರಿ, ಮುಗಿಯಿತು.

ಅಂದ ಹಾಗೆ ಈ ಗೊಂದಲ ಇವತ್ತಿನದಲ್ಲ. ಹಳಗನ್ನಡದಲ್ಲೂ ಎಣಿಕೆಯ ಹತ್ತು 'ಪತ್ತು', ಅಂಟಿಕೊಳ್ಳುವ, ಮೇಲೇರುವ ಹತ್ತು ಕೂಡ 'ಪತ್ತು'. ಬೇರು ಮಾತ್ರ ಬೇರೆ ಬೇರೆ. ಎರಡನೆಯದಕ್ಕೆ ತೆಲುಗಿನ 'ಪಟ್ಟು', ತಮಿಳಿನ 'ಪಱ್ಱು' ನಂಟರು. ಬೆಂಕಿ ಹತ್ತುವುದು, ಮರ ಹತ್ತುವುದು, ಧಾರವಾಡದ 'ಮಾಡಾಕ ಹತ್ತೀನಿ', ಎಲ್ಲ ಅದೇ. ಮೀನೂ ಅದನ್ನೇ ಮಾಡುತ್ತದೆ. ಸುಮ್ನೆ ಈಜಿ ಬರುವುದಿಲ್ಲ, ಎದುರು ನೀರಿಗೆ ಎದೆ ಕೊಟ್ಟು, ಗದ್ದೆಯ ಅಂಚಿನಿಂದ ಬೀಳುವ ನೀರನ್ನು ಹಾರಿ ಹಾರಿ ಹಿಡಿದು ಮೇಲಿನ ಗದ್ದೆಗೆ ಹೋಗುತ್ತದೆ. ಹೊಟ್ಟೆ ತುಂಬ ಮೊಟ್ಟೆ ಬೇರೆ. ಆ ಭಾರಕ್ಕೆ ಚುರುಕಾಗಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಅದಕ್ಕೇ ರಾತ್ರಿ ಬ್ಯಾಟರಿ ಬಿಟ್ಟು ಕತ್ತಿಯಲ್ಲಿ ಕಡಿಯುವವರಿಗೆ ಅಷ್ಟು ಸುಲಭ. 'ಏರು' ಅಂದರೆ ಈ ಒದ್ದಾಟ ಬರುವುದಿಲ್ಲ.

ಇನ್ನೊಂದು. 'ಹಿಡಿಯುವುದು' ಅಂತ ಬರೆದರೆ ಕಡಿಯುವವನು ನಾನು ಹಿಡಿದಿಲ್ಲ ಅಂತಾನೆ. ಊರಲ್ಲಿ ಈ ಕೆಲಸಕ್ಕೆ ಇರುವ ಹೆಸರು ಶಿಕಾರಿ. ಗಾಳ, ಬಲೆ, ಕೂಣಿ, ಕತ್ತಿ ಎಲ್ಲ ಅದರೊಳಗೆ ಬಂತು. 'ಹತ್ತುಮೀನು ಶಿಕಾರಿ ಮಾಡಬಾರದು'. ಕೆಳಗೆ ತಿಂಗಳು ಹಾಕಿ.

* * *

> ಊರಲ್ಲಿ ಈ ಕೆಲಸಕ್ಕೆ ಇರುವ ಹೆಸರು ಶಿಕಾರಿ

ಶಿಕಾರಿ ಪಾರಸಿ ಮಾತು. ಬೇಟೆ ಅನ್ನುವ ಅಚ್ಚಗನ್ನಡ ಪದ ಇರುವಾಗ ಯಾಕೆ ಇದು? ಹಳಗನ್ನಡದಲ್ಲಿ ಬೇಂಟೆ. ಇಶ್ಟು ಒಳ್ಳೆ ಪದ ಬಿಟ್ಟು ಎರವಲು ತರುವವರು ನಾಳೆ ಮೀನಿಗೂ ಫಿಶ್ ಅಂತಾರೆ.

* * *

> ಇಶ್ಟು ಒಳ್ಳೆ ಪದ ಬಿಟ್ಟು ಎರವಲು ತರುವವರು

ತಂದವರು ನಾವಲ್ಲ, ಅಜ್ಜಂದಿರು. ತಂದ ಮೇಲೆ ತಮ್ಮದೇ ಮಾಡಿಕೊಂಡರು. ಹಿಂದಿಯಲ್ಲಿ ಶಿಕಾರಿ ಅಂದರೆ ಬೇಟೆ ಆಡುವವನು. ನಮ್ಮಲ್ಲಿ ಬೇಟೆಯೇ ಶಿಕಾರಿ, 'ಶಿಕಾರಿಗೆ ಹೋದ' ಅಂತೀವಿ. ಅರ್ಥ ಇಷ್ಟು ಬದಲಾದ ಮೇಲೂ ಅದು ಪಾರಸಿಯೇ? ಕಾಡು ಕಾಯುವವರ 'ಗಸ್ತು' ಕೂಡ ಪಾರಸಿಯೇ. ಅದನ್ನೂ ತೆಗೆಸಿ ನೋಡಿ.

ಬೇಟೆ ಒಳ್ಳೆಯ ಪದವೇ, ಬೇಡ ಅನ್ನಲಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು ಹಾಕುವುದು, ವಿಷ ಇಡುವುದು, ಹಕ್ಕಿಯ ಮೊಟ್ಟೆ ಒಡೆಯುವುದು ಎಲ್ಲವೂ ಬೇಟೆಯೇ. ಆದರೆ ಊರಿನವರಿಗೆ ಬೇಟೆ ಅಂದರೆ ಕೋವಿ, ಹಂದಿ. ಮೀನಿಗೆ ಯಾರೂ ಅದನ್ನು ನೆನೆಸಿಕೊಳ್ಳುವುದಿಲ್ಲ.

* * *

> ಅರ್ಥ ಇಷ್ಟು ಬದಲಾದ ಮೇಲೂ ಅದು ಪಾರಸಿಯೇ?

ಹೌದು. ನಿಮ್ಮ ವಾದದಲ್ಲಿ ಯಾವ ಪದವೂ ಎರವಲಲ್ಲ. ಇರಲಿ. 'ನಿಶೇದ' ತೆಗೆದಿದ್ದಕ್ಕೆ ಮಾತ್ರ ಮೆಚ್ಚುಗೆ.

* * *

ಕರಾವಳಿಯಲ್ಲಿ ಈ ತಕರಾರೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಸಮುದ್ರಕ್ಕೆ ಇಳಿಯುವಂತಿಲ್ಲ, 'ರಜೆ' ಅಂದರೆ ಸಾಕು, ಎಲ್ಲರಿಗೂ ಗೊತ್ತು. ಹಳ್ಳ, ತೋಡಿಗೆ ಬಂದರುಕಟ್ಟೆ ಇಲ್ಲವಲ್ಲ, ಕಾಯುವವರು ಯಾರು? ಬೋರ್ಡಿನಲ್ಲಿ ಪದಕ್ಕಿಂತ ಮೊದಲು ಕಾರಣ ಬರೆಸಿ.

* * *

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕೊಟ್ಟಿದ್ದೇನೆ:

'ಮೊಟ್ಟೆ ಇಡಲು ಬರುವ ಹತ್ತುಮೀನು ಶಿಕಾರಿ ಮಾಡಬಾರದು. ಜೂನ್, ಜುಲೈ.'

ಪೇಂಟರ್ ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳುತ್ತಾನೆ, ಹಾಗಾಗಿ 'ದಯವಿಟ್ಟು' ಬಿಟ್ಟೆ.

* * *

> ದಯವಿಟ್ಟು

ಬಿಟ್ಟಿದ್ದು ಒಳ್ಳೆಯದಾಯಿತು. 'ದಯೆ' ಸಂಸ್ಕ್ರುತ.